ಹಿಂಬಾಗಿಲಿನ ಚಿಲಕ

ಸುಂಟಿಕೊಪ್ಪ
ಆಟಿ 22

ಪ್ರೀತಿಯ ಕೂಸಿಗೆ ಅಪ್ಪನ ಆಶೀರ್ವಾದ.

ಮೂರು ದಿನದಿಂದ ಕರೆಂಟ್ ಇಲ್ಲ. ಎಲ್ಲೋ ಮರ ಬಿದ್ದು ಲೈನ್ ಹರಿದಿದೆ, ಟವರೂ ಹೋಗಿದೆ. ಪಕ್ಕದ ಮನೆ ಹುಡುಗ ನಾಳೆ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಫೋನ್ ಸರಿ ಇದ್ದಿದ್ದರೂ ಇದನ್ನೆಲ್ಲ ಫೋನಲ್ಲಿ ಹೇಳೋಕೆ ನನ್ನ ಕೈಲಿ ಆಗ್ತಿರಲಿಲ್ಲ.

ಆಟಿ ತಿಂಗಳ ಹದಿನೆಂಟಕ್ಕೆ ಮಾಡುವ ಮದ್ದುಸೊಪ್ಪಿನ ಪಾಯಸಕ್ಕೆ ಅಂತ ಬಂದವಳು ತಿನ್ನದೆ ಹೋದೆ. ಅವ್ವ ಆ ಪಾತ್ರೆ ಇನ್ನೂ ತೊಳೆದಿಲ್ಲ. ಮದ್ದುಸೊಪ್ಪಿನ ನೇರಳೆ ಬಣ್ಣ ಅಂಚಿಗೆ ಹಿಡಿದು ಒಣಗಿದೆ. ಆ ರಾತ್ರಿ ನಾನು ಅಂದದ್ದು, ನೀನು ಅಂದದ್ದು ಇಬ್ಬರಿಗೂ ಗೊತ್ತು. ಅದನ್ನ ಇಲ್ಲಿ ಮತ್ತೆ ಬರೆಯೋದಿಲ್ಲ. ನಾನು ದನಿ ಏರಿಸಿದ್ದು ತಪ್ಪು. ಅಷ್ಟೇ.

ಆದರೆ ಹೊರಡುವ ಮುಂಚೆ ನಿನ್ನ ಫೋನಲ್ಲಿ ಒಂದು ಮೆಸೇಜ್ ತೋರಿಸಿದೆ ಅಲ್ವಾ? ನಿನ್ನ ಏಜೆನ್ಸಿಯಿಂದ ಆಯಾ ಕಳಿಸಿರುವ ಎಲ್ಲ ಮನೆಗಳಿಗೂ ಹಾಕ್ತೀನಿ ಅಂದೆ. ಮೇಲೆ ಆ ಆಯಾ ಹುಡುಗಿಯ ಫೋಟೋ, ಅವಳು ನಿದ್ದೆ ಹೋದಾಗ ಮಗು ಮಂಚದಿಂದ ಬಿತ್ತಲ್ಲ, ಅವಳದು. ಕೆಳಗೆ, 'ಕೆಲಸದ ವೇಳೆ ನಿದ್ದೆ ಮಾಡಿದ ಕಾರಣ ಇವರನ್ನು ತೆಗೆದುಹಾಕಲಾಗಿದೆ.' ಆ ಸಾಲು ಓದಿದ್ದೇ ನನಗೆ ಮೈ ನಡುಗಿತು. ಅದಕ್ಕೇ ಅಷ್ಟು ಕೂಗಾಡಿದ್ದು. ನಿನ್ನ ಮೇಲಿನ ಸಿಟ್ಟಲ್ಲ ಕೂಸೇ. ಆ ಸಾಲನ್ನ ನಾನೂ ಒಮ್ಮೆ ಬರೆದಿದ್ದೇನೆ. ಹೆಚ್ಚು ಕಮ್ಮಿ ಅದೇ ಮಾತುಗಳಲ್ಲಿ.

ತೊಟ್ಟಿಲಕ್ಕ ನಿನಗೆ ನೆನಪಿರಬೇಕು. ಹೆಸರು ಬೇರೆ ಇತ್ತು, ನೀವು ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದಿರಿ. ತೋಟದ ಕ್ರೆಷ್‌ನಲ್ಲಿ ಆಯಾ ಆಗಿದ್ದವಳು. 50 ಹೆಂಗಸರು ಕೆಲಸ ಮಾಡುವ ತೋಟದಲ್ಲಿ, ಇಲ್ಲವೇ ಅವರ ಮಕ್ಕಳು 20 ಜನ ಇದ್ದಲ್ಲಿ, ಮಕ್ಕಳನ್ನ ನೋಡಿಕೊಳ್ಳೋಕೆ ಒಂದು ಕ್ರೆಷ್ ಇರಬೇಕು ಅಂತ 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯಲ್ಲಿ ಇತ್ತು. ನಮ್ಮಲ್ಲೂ ಮಾಡಿದ್ದರು. ಕಣದ ಪಕ್ಕ ಶೀಟು ಹೊದಿಸಿದ ಉದ್ದ ಕೋಣೆ. ತೊಲೆಯಿಂದ ಇಳಿಬಿಟ್ಟ ಹಳೇ ಸೀರೆಯ ತೊಟ್ಟಿಲುಗಳು. ನೀನು ನಮ್ಮ ಕ್ವಾರ್ಟರ್ಸ್‌ನಲ್ಲಿ ಇರೋದಕ್ಕಿಂತ ಅಲ್ಲೇ ಜಾಸ್ತಿ ಇರ್ತಿದ್ದೆ. ಅವಳು ಒಂದು ಕಾಲಲ್ಲಿ ಒಂದು ತೊಟ್ಟಿಲು, ಎರಡು ಕೈಯಲ್ಲಿ ಇನ್ನೆರಡು ತೂಗ್ತಿದ್ದಳು.

1999ರ ಜನವರಿ. ರೊಬಸ್ಟಾ ಕೊಯ್ಲು ಜೋರಾಗಿತ್ತು. ನಾನು ತೋಟದ ರೈಟರ್, ಹಾಜರಿ ಲೆಕ್ಕ ಬರೆಯುವವನು. ಬೆಳಗ್ಗೆ ಹಾಜರಿ ಕರೆಯುವಾಗ ತೊಟ್ಟಿಲಕ್ಕ ಬಂದು ಪಕ್ಕಕ್ಕೆ ನಿಂತಳು. ಮಗನಿಗೆ ಮೂರು ದಿನದಿಂದ ಜ್ವರ, ಮೂರು ರಾತ್ರಿ ಕಣ್ಣು ಮುಚ್ಚಿಲ್ಲ, ಇವತ್ತೊಂದು ದಿನ ರಜ ಕೊಡಿ ರೈಟರೇ ಅಂದಳು. ಅವಳ ಕಣ್ಣು ಕೆಂಪಾಗಿದ್ದು ನನಗೆ ಕಾಣ್ತಿತ್ತು. ಆದರೆ ಆ ಕೋಣೆಯಲ್ಲಿ 23 ಮಕ್ಕಳು. ಅವಳಿಲ್ಲದಿದ್ದರೆ ಅಷ್ಟೂ ತಾಯಂದಿರು ಕೊಯ್ಲಿಗೆ ಬರೋದಿಲ್ಲ. ಹಣ್ಣು ಗಿಡದಲ್ಲೇ ಒಣಗಿ ಉದುರ್ತಿತ್ತು. ಸಂಜೆ ನೋಡೋಣ ಹೋಗು ಅಂದೆ. ಹೋದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋಗಿದ್ದಾಳೆ. ಎರಡೂವರೆ ವರ್ಷದ ಒಬ್ಬ ಹುಡುಗ ಹಿಂಬಾಗಿಲು ತಳ್ಳಿಕೊಂಡು ಹೊರಗೆ ಬಂದ. ಆ ಬಾಗಿಲಿಗೆ ಚಿಲಕ ಇರಲಿಲ್ಲ. ಬಾಗಿಲಿನಿಂದ ಕೆರೆಗೆ ಇಪ್ಪತ್ತು ಮಾರು ಇದ್ದಿರಬಹುದು. ಕಣದಲ್ಲಿ ಕಾಫಿ ಹರವುತ್ತಿದ್ದವನು ನೋಡಿ ಓಡಿದ್ದಕ್ಕೆ ಮಗು ಉಳಿಯಿತು. ನೀರು ಕುಡಿದಿದ್ದ. ಜೀಪಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದೆವು. ಅವನ ತಾಯಿ ದಾರಿಯುದ್ದಕ್ಕೂ ಅಳಲಿಲ್ಲ. ಅವನ ಒದ್ದೆ ಚಡ್ಡಿಯನ್ನ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

ಆ ಚಿಲಕದ ವಿಷಯ ಹೇಳಬೇಕು. ಹಿಂಬಾಗಿಲಿಗೆ ಒಂದು ಚಿಲಕ ಹಾಕಿಸಿ ಅಂತ ತೊಟ್ಟಿಲಕ್ಕ ಅದಕ್ಕೂ ಮೊದಲು ಎರಡು ಸಲ ನನ್ನ ಹತ್ರ ಹೇಳಿದ್ದಳು. ಮೊದಲನೇ ಸಲ ನಾನು ಸ್ಟೋರಿನ ಚೀಟಿಯಲ್ಲಿ ಬರೆದೆ. ಗೊಬ್ಬರ, ಚೀಲ, ಕತ್ತಿ ಎಲ್ಲ ಬಂತು, ಚಿಲಕ ಬರಲಿಲ್ಲ. ಎರಡನೇ ಸಲ ಆಯ್ತು ಅಂದೆ, ಬರೆಯಲೂ ಇಲ್ಲ. ಮಡಿಕೇರಿ ಸಂತೆ ದಿನ ಹಾರ್ಡ್‌ವೇರ್ ಅಂಗಡಿ ಮುಂದೆಯೇ ಎಷ್ಟು ಸಲ ಓಡಾಡಿದ್ದೆ. ಕೆಲವು ರೂಪಾಯಿಯ ವಸ್ತು. ಮಗು ನೀರಿಗೆ ಬಿದ್ದ ದಿನ ಸಂಜೆ ಕತ್ತಲಾಗುವ ಮೊದಲು ಬಡಗಿ ಬಂದು ಆ ಬಾಗಿಲಿಗೆ ಒಂದಲ್ಲ, ಎರಡು ಚಿಲಕ ಹೊಡೆದ. ಮೇಲೊಂದು, ಕೆಳಗೊಂದು. ಆ ಸುತ್ತಿಗೆ ಸದ್ದು ಆಫೀಸಿನೊಳಗೆ ಕೇಳ್ತಾ ಇತ್ತು. ನಾನು ಆಗ ಪುಸ್ತಕದಲ್ಲಿ ಬರೀತಾ ಕೂತಿದ್ದೆ.

ಏನು ಬರೆದೆ? 'ಕೆಲಸದ ವೇಳೆ ನಿದ್ದೆ. ತೆಗೆಯಲಾಗಿದೆ.' ಸಾಹುಕಾರರು ಕಾರಣ ಕೇಳಿದ್ದರು, ಕಾರಣ ಕೊಟ್ಟೆ. ಬೆಳಗ್ಗೆ ಅವಳು ರಜ ಕೇಳಿದ್ದು ಬರೆಯಲಿಲ್ಲ. ಚಿಲಕ ಕೇಳಿದ್ದೂ ಬರೆಯಲಿಲ್ಲ. ಬರೆದಿದ್ದರೆ ನನ್ನ ಕೆಲಸ ಹೋಗ್ತಿತ್ತೇನೋ. ನಿನ್ನನ್ನ ಆ ವರ್ಷ ಸ್ಕೂಲಿಗೆ ಸೇರಿಸಬೇಕಿತ್ತು. ಇದನ್ನ ಸಮಾಧಾನಕ್ಕೆ ಹೇಳ್ತಿಲ್ಲ. ಆ ಹೊತ್ತಲ್ಲಿ ನನ್ನ ತಲೆಯಲ್ಲಿ ಓಡಿದ್ದು ಅದು, ಅದಕ್ಕೆ ಬರೆದೆ.

ಶನಿವಾರ ಬಟವಾಡೆಗೆ ಬಂದಳು. ಹೆಬ್ಬೆಟ್ಟು ಒತ್ತಿದಳು. ದುಡ್ಡು ಎಣಿಸಲಿಲ್ಲ. 'ಈಗ ತೊಟ್ಟಿಲು ಯಾರು ತೂಗ್ತಾರೆ?' ಅಂತ ಮಾತ್ರ ಕೇಳಿದಳು. ನಾನು ತಲೆ ಎತ್ತಲಿಲ್ಲ. ಮಾರನೇ ದಿನ ತೋಟದ ಕೆಲಸದವರ ಲೈನ್ ಮನೆ ಖಾಲಿ ಮಾಡಿಕೊಂಡು, ಜ್ವರ ಬಿಡದ ಮಗನನ್ನ ಗಂಡ ಹೊತ್ತುಕೊಂಡು, ಹೋದರು. ನಿನಗೆ ತೊಟ್ಟಿಲಕ್ಕ ಊರಿಗೆ ಹೋದಳು, ಬರ್ತಾಳೆ ಅಂತ ಸುಳ್ಳು ಹೇಳಿದೆ. ನೀನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವ್ವನಿಗೂ ಪೂರ್ತಿ ವಿಷಯ ಇವತ್ತೇ ಗೊತ್ತಾಗಿದ್ದು. ಕಾಗದ ಬರೆಯುವ ಮೊದಲು ಅವಳಿಗೆ ಹೇಳಿದೆ.

ಈಗ ನಿನ್ನ ವಿಷಯ. ಬೇಜಾರು ಮಾಡ್ಕೋಬೇಡ. ನೀನು ಸ್ನಾನಕ್ಕೆ ಹೋದಾಗ ಮೇಜಿನ ಮೇಲಿದ್ದ ನಿನ್ನ ಪುಸ್ತಕ ನೋಡಿದೆ. 30 ವರ್ಷ ಚೆಕ್‌ರೋಲ್, ಅಂದರೆ ತೋಟದ ಹಾಜರಿ ಪುಸ್ತಕ, ಬರೆದವನಿಗೆ ಪುಸ್ತಕ ಕಂಡರೆ ಕೈ ಹೋಗುತ್ತದೆ. 19 ಜನ ಆಯಾಗಳು. 26 ಮನೆ. ಆ ಹುಡುಗಿಯ ಹೆಸರು ಎರಡು ಕಡೆ ಇದೆ. ಹಗಲು ಒಂದು ಮನೆ, ರಾತ್ರಿ ಇನ್ನೊಂದು ಮನೆ, ಹನ್ನೊಂದು ದಿನ ಹಾಗೇ. ಮಗು ಮಂಚದಿಂದ ಬಿದ್ದದ್ದು ಹನ್ನೊಂದನೇ ದಿನ. ದೇವರ ದಯೆ, ಹಣೆಗೆ ಎರಡು ಹೊಲಿಗೆಯಲ್ಲಿ ಮುಗಿಯಿತು. ಆ ತಾಯಿಯ ಸಿಟ್ಟು ನ್ಯಾಯವಾದದ್ದೇ. ಅವರ ಮನೆಗೆ ನೀನೇ ಹೋಗಬೇಕು, ಫೋನಲ್ಲಿ ಆಗೋದಿಲ್ಲ. ಇವಳಿಗೆ ಎರಡು ಪಾಳಿ ಹಾಕಿದ್ದು ನಾನು ಅಂತ ಹೇಳಬೇಕು. ಆಸ್ಪತ್ರೆ ಬಿಲ್ಲು ಕಟ್ಟಬೇಕು. ಅವರು ಬೈದರೆ ಕೇಳಿಸಿಕೊಂಡು ಬಾ. ಇದರಿಂದ ಏಳೆಂಟು ಮನೆ ಕಳೆದುಕೊಳ್ಳಬಹುದು. ಕಳೆದುಕೋ. ಹೇಗಿದ್ದರೂ ಆ ಏಳು ಮನೆಗೆ ನಿನ್ನ ಹತ್ರ ಜನವೇ ಇರಲಿಲ್ಲ ಅಲ್ವಾ?

ಏಜೆನ್ಸಿ ಮುಚ್ಚಿಬಿಡ್ತೀನಿ ಅಂದೆ. ಮುಚ್ಚೋದು ಬಿಡೋದು ನಿನಗೆ ಬಿಟ್ಟದ್ದು. ಆದರೆ ಅದು ಎಲ್ಲಿ ಹುಟ್ಟಿತು ಅಂತ ನೆನಪು ಮಾಡ್ಕೋ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜರಿದಾಗ ಪರಿಹಾರ ಕೇಂದ್ರದಲ್ಲಿ ಮೂರು ವಾರ ಆ ಮಕ್ಕಳ ಜೊತೆ ಇದ್ದೆ. ಮನೆ ಹೋಗಿ, ಕೆಲಸ ಮಾಡ್ತಿದ್ದ ತೋಟವೂ ಮಣ್ಣಾಗಿ ನಿಂತಿದ್ದ ನಾಲ್ಕು ಹೆಂಗಸರನ್ನ ನೀನೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ಅವರು ಮೊದಲ ಸಂಬಳ ಊರಿಗೆ ಕಳಿಸಿದ ದಿನ ನಾನು ಸುಂಟಿಕೊಪ್ಪ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ನಿನಗೆ ಮಾತ್ರ ಹೇಳಲಿಲ್ಲ. ಹೇಳಬೇಕಿತ್ತು.

ಹಾಗಾಗಿ ಒಂದಷ್ಟು ಹೇಳ್ತೀನಿ, ರೈಟರ್ ಬುದ್ಧಿ ಅಂದುಕೊಂಡರೂ ಪರವಾಗಿಲ್ಲ. ಮನೆಗಳ ಲೆಕ್ಕ ಮೊದಲು ಬರೆದು ಆಮೇಲೆ ಜನ ಹುಡುಕಬೇಡ. ಇರುವ ಜನ ಎಷ್ಟು ಅಂತ ಬರಿ, ಅದರಲ್ಲಿ ಇಬ್ಬರನ್ನ ಬದಲಿಗೆ ಅಂತ ತೆಗೆದಿಡು, ಉಳಿದದ್ದಕ್ಕೆ ಮಾತ್ರ ಮನೆ ಒಪ್ಪಿಕೋ. ಬದಲಿಯವರಿಗೂ ಸಂಬಳ ಕೊಡಬೇಕು. ಅದು ದಂಡ ಅನ್ನಿಸುತ್ತದೆ. ಆದರೆ ಬದಲಿ ಇಲ್ಲದ ಕಡೆ ಯಾರೂ ಧೈರ್ಯವಾಗಿ ರಜ ಕೇಳೋದಿಲ್ಲ, ಕೇಳಿದರೆ ಕೊಡೋಕೆ ನಿನಗೂ ಆಗೋದಿಲ್ಲ. ನನಗೆ ಆವತ್ತು ಕ್ರೆಷ್‌ಗೆ ಇನ್ನೊಬ್ಬಳು ಇದ್ದಿದ್ದರೆ ಅಂತ ಎಷ್ಟು ಸಲ ಯೋಚನೆ ಮಾಡಿದ್ದೇನೆ.

ರಾತ್ರಿ ಪಾಳಿ ಮಾಡಿದವಳಿಗೆ ಮಾರನೇ ಹಗಲು ಕೆಲಸ ಕೊಡಬೇಡ. ಮನೆಯವರ ಜೊತೆ ಮಾತಾಡುವಾಗಲೇ ಎಷ್ಟು ಗಂಟೆ, ಎಷ್ಟು ಮಕ್ಕಳು, ಪಾತ್ರೆ ಬಟ್ಟೆ ಇದೆಯಾ ಇಲ್ವಾ, ವಾರದ ರಜ ಯಾವಾಗ ಅಂತ ಕಾಗದದಲ್ಲಿ ಬರೆಸಿಕೋ. ಮಗು ನೋಡೋಕೆ ಅಂತ ಹೋದವಳ ಕೈಯಲ್ಲಿ ಅಡುಗೆಯನ್ನೂ ಮಾಡಿಸಿದರೆ ಮಗುವನ್ನ ನೋಡುವವರು ಯಾರು? ಆಯಾಗಳಿಗೆ ಸೇವಾ ಸಿಂಧುವಿನಲ್ಲಿ ಪೊಲೀಸ್ ವೆರಿಫಿಕೇಶನ್ ಮಾಡಿಸ್ತೀಯ, ಒಳ್ಳೇದು. ಆದರೆ ಅವರು ಹೋಗುವ ಮನೆಯನ್ನೂ ನೀನು ಒಂದು ಸಲ ಕಣ್ಣಲ್ಲಿ ನೋಡಬೇಕು. ಬಾಲ್ಕನಿ ಹೇಗಿದೆ, ಬಾತ್‌ರೂಮಿನಲ್ಲಿ ಬಕೆಟ್ ತುಂಬಿಸಿ ಇಡ್ತಾರಾ, ಆಯಾ ಮಲಗೋದು ಎಲ್ಲಿ. ಬಾಗಿಲಿಗೆ ಚಿಲಕ ಇದೆಯಾ. ನೋಡು, ಮತ್ತೆ ಅದಕ್ಕೇ ಬಂದೆ.

ಪರಿಹಾರ ಕೇಂದ್ರದಲ್ಲಿದ್ದಾಗ ಒಂದು ದಿನ ದಿಂಬು ಹಿಡಿದು ನನಗೇ ಹೇಳಿಕೊಟ್ಟಿದ್ದೆ. ವರ್ಷ ತುಂಬದ ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿ ಉಸಿರು ಕಟ್ಟಿದರೆ ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಹೆಗಲುಗಳ ನಡುವೆ ಅಂಗೈ ಬುಡದಿಂದ 5 ಏಟು. ಆಮೇಲೆ ತಿರುಗಿಸಿ ಎದೆಯ ಮಧ್ಯೆ 5 ಸಲ ಒತ್ತಬೇಕು. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ಹುಡುಕಬಾರದು. ನನಗೆ ಇನ್ನೂ ನೆನಪಿದೆ. ಆ 19 ಜನಕ್ಕೂ ಹಾಗೇ ಕೂರಿಸಿ, ಕೈ ಹಿಡಿದು ಕಲಿಸಿದ್ದೀಯಾ? ಮೊದಲಿನ ನಾಲ್ವರಿಗೆ ಕಲಿಸಿದ್ದೆ ಅಂತ ಗೊತ್ತು.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ. ನಿನ್ನ ಖರ್ಚು, ಏಜೆನ್ಸಿ ಖರ್ಚು ಒಂದೇ ಅಕೌಂಟಿನಲ್ಲಿ ಬೇಡ. ಮನೆಯವರು ದುಡ್ಡು ಕೊಡಲು ತಡ ಮಾಡಿದರೂ ಆಯಾಗಳ ಸಂಬಳ ಹೇಳಿದ ದಿನ ಹೋಗಲೇಬೇಕು. ಅದಕ್ಕೆ ಎರಡು ತಿಂಗಳ ಸಂಬಳದಷ್ಟು ಬೇರೆ ಇಟ್ಟಿರು. ಸಂಬಳ ನಿನ್ನ ಬಿಲ್ಲಿನ ಮೂಲಕವೇ ಹೋದರೆ ಅದೂ ನಿನ್ನ ವಹಿವಾಟಿಗೆ ಸೇರುತ್ತದೆ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನೀನು ಯಾವಾಗಲೋ ದಾಟಿರಬೇಕು, ಆಡಿಟರ್ ಹತ್ರ ಕೂತು ಕೇಳು. 10 ಜನ ಆದರೆ ಇಎಸ್‌ಐ, 20 ಆದರೆ ಪಿಎಫ್. 21,000ದೊಳಗಿನ ಸಂಬಳಕ್ಕೆ ಇಎಸ್‌ಐಗೆ ಅವರದು ಮುಕ್ಕಾಲು ಪರ್ಸೆಂಟ್, ನಿನ್ನದು ಮೂರೂಕಾಲು. ಜ್ವರ ಬಂದರೆ ತೋರಿಸಿಕೊಳ್ಳೋಕೆ ಒಂದು ಕಾರ್ಡ್ ಇರುತ್ತದೆ. ಪಿಎಫ್ ತಪ್ಪಿಸೋಕೆ ಇಪ್ಪತ್ತನೆಯವಳನ್ನ ಪುಸ್ತಕದಿಂದ ಹೊರಗಿಟ್ಟು 19ಕ್ಕೇ ನಿಲ್ಲಿಸುವ ಬುದ್ಧಿ ಮಾಡಬೇಡ. ನಾನು ನೋಡಿದ್ದೇನೆ ಅಂಥವರನ್ನ.

ಇನ್ನೊಂದು, ಮುಂಗಡ. ಮನೆಗೆ ಕಷ್ಟ ಅಂತ ಕೇಳಿದಾಗ ಕೊಡು. ಆದರೆ ಮುಂಗಡ ತೀರೋವರೆಗೆ ಕೆಲಸ ಬಿಡುವ ಹಾಗಿಲ್ಲ ಅಂತ ಆಧಾರ್ ಕಾರ್ಡ್ ಇಟ್ಟುಕೊಳ್ಳೋದು, ಎರಡು ತಿಂಗಳ ಸಂಬಳ ಹಿಡಿಯೋದು, ಇದು ಬೇಡವೇ ಬೇಡ. ತೋಟಗಳಲ್ಲಿ ಮುಂಗಡ ಅಪ್ಪನಿಂದ ಮಗನ ಹೆಸರಿಗೆ ವರ್ಗ ಆಗೋದನ್ನ ನನ್ನ ಈ ಕೈಯಲ್ಲೇ ಬರೆದಿದ್ದೇನೆ.

ಬರೀತಾ ಬರೀತಾ ಉಪದೇಶ ಜಾಸ್ತಿ ಆಯ್ತು. ನೀನು ಓದುವಾಗ ಮುಖ ಸಿಂಡರಿಸೋದು ನನಗೆ ಇಲ್ಲಿಂದಲೇ ಕಾಣುತ್ತದೆ. 31 ವರ್ಷದ ಮಗಳಿಗೆ, ಅದೂ ಬೆಂಗಳೂರಲ್ಲಿ ಒಬ್ಬಳೇ ನಿಂತು 19 ಮನೆಯ ಒಲೆ ಉರಿಸುತ್ತಿರುವವಳಿಗೆ, ನಾನು ಕಲಿಸಬೇಕಾದ್ದು ಜಾಸ್ತಿ ಇಲ್ಲ. ನನಗಿರುವ ಹೆದರಿಕೆ ಒಂದೇ. ಆ ಮೆಸೇಜ್ ಹೋಗಿಬಿಟ್ಟಿದೆಯೇನೋ ಅಂತ. ಹೋಗಿದ್ದರೆ ಇವತ್ತೇ ಇನ್ನೊಂದು ಹಾಕು. ನಿನ್ನ ತಪ್ಪು ಇಷ್ಟು ಅಂತ ನಿನ್ನ ಹೆಸರಲ್ಲೇ ಹಾಕು. ಫೋಟೋ ತೆಗೆಸು. ಸೋಮವಾರಪೇಟೆ ಕಡೆಯ ಹುಡುಗಿ, ಆ ಫೋಟೋ ಊರು ಸೇರೋಕೆ ಎಷ್ಟು ಹೊತ್ತು?

ತೊಟ್ಟಿಲಕ್ಕನನ್ನ ಹುಡುಕಿದೆ. ರಿಟೈರ್ ಆದ ಮೇಲೆ ಎರಡು ಸಲ ಹೋಗಿ ಅವರ ಊರಿನ ಕಡೆಯೆಲ್ಲ ಕೇಳಿದೆ. ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲಿಲ್ಲ. ಆ ಮಗನ ಜ್ವರ ಬಿಟ್ಟಿತಾ ಅಂತ ಕೇಳಬೇಕಿತ್ತು.

ಹುಡುಗನ ಕೈಯಲ್ಲಿ ಕಾಫಿಪುಡಿ, ಕಾಳುಮೆಣಸು ಕಳಿಸಿದ್ದೇನೆ. ಅವ್ವ ಒಂದು ಕಟ್ಟು ಮದ್ದುಸೊಪ್ಪನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾಳೆ. ಆಟಿ ಹದಿನೆಂಟು ದಾಟಿದೆ, ಆದರೂ ಪಾಯಸ ಮಾಡ್ಕೋ ಅಂದಳು. ಮಳೆ ಸ್ವಲ್ಪ ಇಳಿದರೆ ಭಾನುವಾರ ನಾನೇ ಬರ್ತೀನಿ. ಆ ಮನೆಗೆ ಹೋಗುವಾಗ ಬೇಕಾದರೆ ಜೊತೆಗೆ ಬಂದು ಹೊರಗೆ ನಿಂತಿರ್ತೀನಿ.

ದಿನಾ ಸಂಜೆ ಏಳಕ್ಕೆ ಮೇಲಿನ ರಸ್ತೆ ತಿರುವಿಗೆ ಹೋಗಿ ನಿಲ್ತೀನಿ. ಅಲ್ಲಿ ಒಂದು ಕಡ್ಡಿ ಸಿಗ್ನಲ್ ಬರುತ್ತದೆ ಅಂತ ಹೇಳ್ತಾರೆ. ನಿನಗೆ ನನ್ನ ಜೊತೆ ಮಾತಾಡೋಕೆ ಮನಸ್ಸಿಲ್ಲದಿದ್ದರೆ ಬೇಡ. ಆ ಹುಡುಗಿ ಈಗ ಎಲ್ಲಿದ್ದಾಳೆ, ನಿದ್ದೆ ಮಾಡಿದಳಾ, ಅಷ್ಟು ಮಾತ್ರ ಹೇಳಿ ಇಟ್ಟುಬಿಡು.

ಇಂತಿ,
ನಿನ್ನ ಅಪ್ಪ