ಮೊದಲ ಕಟ್ಟು ನನಗೇ ಕಳಿಸು

ಹುಬ್ಬಳ್ಳಿ
ಯುಗಾದಿ ಕಳೆದು ಮೂರನೇ ದಿನ

ಚಿ. ವಿದ್ಯಾಳಿಗೆ ಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ಮನೆಯಲ್ಲಿ ಮಾಡಿದ ಸಾಮಾನನ್ನು ಆನ್‌ಲೈನ್ ಮಾರಲು ಹೊರಟಿದ್ದೇನೆ, ಕೆಲಸ ಬಿಡಲೇ ಅಂತ ಕೇಳಿದ ನಿನ್ನ ವಾಟ್ಸಾಪ್ ಮೆಸೇಜು ಬಂತು. ಹಿಂದೆಯೇ ಲೋಗೋ ಬಂತು. ಮಧ್ಯಾಹ್ನ ಇನ್ನೊಂದು ಬಣ್ಣದ ಲೋಗೋ ಬಂತು. ಯಾವುದು ಇಡಲಿ ಮಾವ ಅಂತ ಕೇಳಿದ್ದೀಯ. ಎರಡೂ ಚೆನ್ನಾಗಿವೆ ತಂಗಿ, ಯಾವುದಾದರೂ ಇಡು. ನನಗೆ ಹೇಳಬೇಕಾದದ್ದು ಬೇರೆ ಇದೆ. ಫೋನಿನಲ್ಲಿ ಇಷ್ಟುದ್ದ ಟೈಪು ಮಾಡಲು ನನ್ನ ಬೆರಳು ಕೇಳುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನ ಪಟ್ಟಿಯಲ್ಲಿ ಹದಿನಾಲ್ಕು ಸಾಮಾನಿವೆ. ಹಲಸಿನ ಹಪ್ಪಳ, ಚಿಪ್ಸು, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಜೇನುತುಪ್ಪ, ಮುರುಗಲು ಸಿಪ್ಪೆ, ಸಾಂಬಾರ ಪುಡಿ... ಓದುವಾಗ ನಿನ್ನ ಆಯಿಯ ಅಟ್ಟವೇ ಕಣ್ಣಿಗೆ ಕಟ್ಟಿತು. ಆದರೆ ಹದಿನಾಲ್ಕಕ್ಕೆ ಹದಿನಾಲ್ಕು ನಮೂನೆ ಡಬ್ಬಿ, ಹದಿನಾಲ್ಕು ನಮೂನೆ ಲೇಬಲ್, ಕೆಡುವ ದಿನವೂ ಬೇರೆ ಬೇರೆ. ಫ್ಲಿಪ್‌ಕಾರ್ಟ್‌ನವರು 2007ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದಾಗ ಬರೀ ಪುಸ್ತಕ ಮಾರುತ್ತಿದ್ದರು. ಪುಸ್ತಕ ಒಡೆಯುವುದಿಲ್ಲ, ಸೋರುವುದಿಲ್ಲ, ಬೂಷ್ಟು ಹಿಡಿಯುವ ಹೆದರಿಕೆಯೂ ಅಷ್ಟಿಲ್ಲ. ನೀನೂ ಒಂದೇ ಸಾಮಾನು ಹಿಡಿದುಕೋ. ನನ್ನ ಕೇಳಿದರೆ ಹಪ್ಪಳ. ಇನ್ನು ಸ್ವಲ್ಪ ದಿನಕ್ಕೆ ಬಕ್ಕೆ ಹಲಸು ಬೆಳೆಯುತ್ತದೆ. ಬಿಸಿಲೂ ಇದೆ. ಮಳೆ ಹಿಡಿದ ಮೇಲೆ ನೀನು ಏನು ಮಾಡಿದರೂ ಚಾಪೆಯ ಮೇಲಿನ ಹಪ್ಪಳ ಒಣಗುವುದಿಲ್ಲ.

ಉಪ್ಪಿನಕಾಯಿ ಯಾಕೆ ಬೇಡ ಅಂದರೆ, ಅದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ನಿನಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಶಿರಸಿ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತಲ್ಲ, ಆಗ ನಾನೂ ಆನ್‌ಲೈನ್ ಮಾರಲು ಹೊರಟಿದ್ದೆ. ಜೀರಿಗೆ ವಾಸನೆಯ ಒಳ್ಳೆಯ ಮಾವಿನ ಮಿಡಿ, ಗಾಜಿನ ಬಾಟಲಿ, ಮೇಲೆ ಕೆಂಪು ಬಟ್ಟೆ ಕಟ್ಟಿ ಚೆಂದ ಮಾಡಿದ್ದೆ. ಬೆಂಗಳೂರಿಗೆ 40 ಬಾಟಲಿ ಹೋಯಿತು. 11 ಒಡೆದವು. ಒಬ್ಬರು ಫೋಟೋ ಕಳಿಸಿದ್ದರು, ಡಬ್ಬಿಯ ತಳದಿಂದ ರಸ ಇಳಿದು ಅವರ ಮನೆಯ ಹೊಸ್ತಿಲ ಮೇಲೆ ಕೆಂಪು ಕಲೆ. ಕೊರಿಯರ್‌ನವರು ಪ್ಯಾಕಿಂಗ್ ಸರಿ ಇಲ್ಲ ಅಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ನಿಜವೇ. ನಾನು ಬಾಟಲಿಗೆ ಬಟ್ಟೆ ಕಟ್ಟುವುದರಲ್ಲಿ ಕಳೆದ ಹೊತ್ತಿನಲ್ಲಿ ಒಂದು ಬಾಟಲಿಯನ್ನು ಡಬ್ಬಿಗೆ ಹಾಕಿ ಜಗಲಿಯಿಂದ ಕೆಳಗೆ ಎಸೆದು ನೋಡಬೇಕಿತ್ತು.

ಹಪ್ಪಳಕ್ಕೆ ಬೇರೆ ತಾಪತ್ರಯ ಇದೆ, ಅದನ್ನು ಸರಿಯಾಗಿ ಕೇಳು. ಹೆಚ್ಚಿನ ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಡಬ್ಬಿಯ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. ಪೇಟೆಯಲ್ಲಿ ಸಿಕ್ಕಿತು ಅಂತ 30, 30, 20ರ ಡಬ್ಬಿ ತಂದೆ ಅಂತಿಟ್ಟುಕೋ. 18000 ಆಯಿತು, ಭಾಗಿಸಿದರೆ 3.6 ಕಿಲೋ. ಒಳಗೆ ಇರುವುದು ಒಂದು ಕಿಲೋ ಹಪ್ಪಳ! ಅದೇ 20, 20, 15ರ ಡಬ್ಬಿಯಾದರೆ 1.2 ಕಿಲೋಗೆ ಮುಗಿಯಿತು. ಹಾಗಾಗಿ ಮೊದಲು ಡಬ್ಬಿ ಹುಡುಕು, ಡಬ್ಬಿಗೆ ತಕ್ಕ ಅಳತೆಗೆ ಹಪ್ಪಳ ಒತ್ತಿಸು. ಆಯಿ ಬೈಯುತ್ತಾಳೆ. ಬೈಯಲಿ.

ಇನ್ನು ನಿನ್ನ ಲಾಭದ ಲೆಕ್ಕ. 100 ಹಪ್ಪಳದ ಕಟ್ಟಿಗೆ 400 ರೂಪಾಯಿ. ಮೆಣಸು, ಉಪ್ಪು, ಜೀರಿಗೆ ಎಲ್ಲ ಸೇರಿ 30, ಡಬ್ಬಿ 25, ಕೊರಿಯರ್ 110. ಉಳಿಕೆ 235 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯ. ಓದಿ ಅತ್ತೆಗೆ ತೋರಿಸಿದೆ. ನಿನ್ನ ಆಯಿಯ ಬಗ್ಗೆ ಅವಳು ಕೇಳಿದ್ದು ಒಂದೇ ಮಾತು: "ಅಕ್ಕನ ಕೂಲಿ ಎಲ್ಲಿ?"

ಹೌದಲ್ವಾ? ಕಾಯಿ ಕೊಯ್ದು, ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒತ್ತಿ, ಒಣಗಿಸಿ, ಮಧ್ಯೆ ಕಾಗೆ ಓಡಿಸಿ, ಸಂಜೆ ಒಳಗೆ ತರುವುದು. ಇಬ್ಬರು ಹೆಂಗಸರು ಇಡೀ ದಿನ ಕೂತರೆ 400 ಹಪ್ಪಳ ಆದೀತು. ತಲೆಗೆ 400 ರೂಪಾಯಿ ಕೂಲಿ ಹಿಡಿದರೂ ಹಪ್ಪಳಕ್ಕೆ 2 ರೂಪಾಯಿ, ಕಟ್ಟಿಗೆ 200. ನಿನ್ನ 235ರಲ್ಲಿ ಈಗ ಉಳಿದದ್ದು 35. ಯಾವುದೋ ದೊಡ್ಡ ಆನ್‌ಲೈನ್ ಅಂಗಡಿಯ ಮೂಲಕ ಮಾರಿದೆ, ಅವರು ನೂರಕ್ಕೆ 12 ಹಿಡಿದರು ಅಂತಿಟ್ಟುಕೋ, 48 ಹೋಯಿತು. ಕಟ್ಟಿಗೆ 13 ರೂಪಾಯಿ ಕೈಯಿಂದ ಹಾಕಿ ಮಾರಿದ ಹಾಗಾಯಿತು. ಮನೆಯವರ ದುಡಿತ ಪುಕ್ಕಟೆ ಅಂತ ಹಿಡಿದರೆ ಎಲ್ಲ ವ್ಯಾಪಾರವೂ ಲಾಭದ್ದೇ. ಆಯಿಗೆ ಸೊಂಟ ನೋವು ಬಂದು ಹೊರಗಿನವರನ್ನು ಕರೆದ ದಿನ ನಿನಗೆ ನಿಜವಾದ ಲೆಕ್ಕ ಗೊತ್ತಾಗುತ್ತದೆ. ಅಷ್ಟು ದಿನ ಕಾಯಬೇಡ. ಈಗಲೇ ಅವಳ ಕೂಲಿ ಬರೆ, ಬರೆದದ್ದನ್ನು ಅವಳ ಕೈಗೆ ಕೊಡು. ಬೆಲೆ 400 ಸಾಲದಿದ್ದರೆ ಏರಿಸು, ಇಲ್ಲವೇ ಒಬ್ಬರೇ ಎರಡು ಮೂರು ಕಟ್ಟು ತೆಗೆದುಕೊಳ್ಳುವ ಹಾಗೆ ಮಾಡು. ಕೊರಿಯರ್ ಖರ್ಚು ಹಂಚಿಹೋಗುತ್ತದೆ.

ಮನೆಗೆ ತಲುಪಿದ ಮೇಲೆ ಹಣ ಅನ್ನುವ ಪದ್ಧತಿಯನ್ನು ಮೊದಲ ಆರು ತಿಂಗಳು ಮುಟ್ಟಬೇಡ. ಆರ್ಡರ್ ಮಾಡಿ ಮರೆತವರು, ಬಾಗಿಲು ತೆಗೆಯದವರು, ಬೇಡ ಅಂದವರು ಎಲ್ಲರ ಡಬ್ಬಿಯೂ ವಾಪಸು ಬರುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ದುಡ್ಡು ನಿನ್ನದೇ. ಅಷ್ಟರಲ್ಲಿ ಹಪ್ಪಳ ಪುಡಿಯಾಗಿರುತ್ತದೆ.

ಕಾಗದಪತ್ರದ ವಿಷಯ ಸುಮ್ನೆ ಉದ್ದ ಮಾಡುವುದಿಲ್ಲ. ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಆಗದೆ ಒಂದು ಕಟ್ಟನ್ನೂ ಮಾರಬೇಡ. 14 ಅಂಕಿಯ ನಂಬರ್ ಕೊಡುತ್ತಾರೆ, ಅದು ಪ್ಯಾಕೆಟ್ಟಿನ ಮೇಲೆ ಇರಬೇಕು. ಜೊತೆಗೆ ತೂಕ, ಎಂಆರ್‌ಪಿ, ಏನೇನು ಹಾಕಿದ್ದೀರಿ, ಯಾವ ತಿಂಗಳು ಮಾಡಿದ್ದು, ನಿಮ್ಮ ವಿಳಾಸ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಮುಂದೆ ಪಟ್ಟಿ ಉದ್ದ ಮಾಡುವ ಮೊದಲು ಶಿರಸಿಯಲ್ಲಿ ಒಬ್ಬ ಲೆಕ್ಕದವರನ್ನು ಕೇಳು. ಬ್ಯಾಂಕ್ ಖಾತೆ ಮಾತ್ರ ಇವತ್ತೇ ಬೇರೆ ಮಾಡು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿದೆಯಲ್ಲ? ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಕೊಡಿ" ಅಂತ ಬೋರ್ಡು ಬಿದ್ದಿತ್ತು. ವ್ಯಾಪಾರದ ಹಣ, ತಮ್ಮ ಕಳಿಸಿದ ಹಣ, ಕೈಗಡ ವಾಪಸು ಬಂದದ್ದು ಎಲ್ಲ ಒಂದೇ ಖಾತೆಯಲ್ಲಿ ಕಲಸಿದ್ದರೆ ಯಾವುದು ಯಾವುದು ಅಂತ ಬಿಡಿಸಿ ಹೇಳುವುದು ಹೇಗೆ?

ಮೋಸದವರೂ ಬರುತ್ತಾರೆ. ನನಗೆ ಒಬ್ಬ ಮಿಲಿಟರಿ ಕ್ಯಾಂಟೀನಿನವನು ಅಂತ ಫೋನ್ ಮಾಡಿ 200 ಬಾಟಲಿ ಬೇಕು ಅಂದ. ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. 200 ಬಾಟಲಿಯ ಆಸೆಗೆ ನಾನು ಒತ್ತಿಯೇ ಬಿಡುತ್ತಿದ್ದೆ. ಅತ್ತೆ ಒಳಗಿನಿಂದ, "ಹಣ ಬರಲಿಕ್ಕೆ ಪಿನ್ ಯಾಕೆ?" ಅಂದಳು. ಅಲ್ಲಿಗೆ ಉಳಿದೆ. ಯಾವತ್ತಾದರೂ ಹಣ ಹೋದರೆ ನಾಚಿಕೆ ಪಟ್ಟು ಕೂರಬೇಡ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಹಣ ಹಾಕಿದ್ದೇನೆ ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ ನಂಬಬೇಡ, ಖಾತೆ ನೋಡಿ ಡಬ್ಬಿ ಕಟ್ಟು.

ಫೋಟೋ ಬಗ್ಗೆ ಒಂದು ಮಾತು. ಶಿರಸಿಯಲ್ಲಿ ಅಡಿಕೆ ಟೆಂಡರ್ ನೋಡಿದ್ದೀಯಲ್ಲ. ವ್ಯಾಪಾರಿ ರಾಶಿಗೆ ಕೈ ಹಾಕುತ್ತಾನೆ, ಒಂದನ್ನು ಕತ್ತರಿಸಿ ನೋಡುತ್ತಾನೆ, ಆಮೇಲೆ ದರ ಬರೆಯುತ್ತಾನೆ. ನಿನ್ನ ಗಿರಾಕಿಗೆ ರಾಶಿಗೆ ಕೈ ಹಾಕುವ ದಾರಿಯೇ ಇಲ್ಲ. ಹಾಗಾಗಿ ಹೂವಿನ ಪಕ್ಕ ಇಟ್ಟ ಫೋಟೋ ಬಿಡು. ಊಟದ ತಟ್ಟೆಯಲ್ಲಿ ಇಟ್ಟು ತೆಗೆ, ಎಷ್ಟು ದೊಡ್ಡದು ಅಂತ ಗೊತ್ತಾಗಲಿ. ಕರಿದದ್ದನ್ನೂ ಹಸಿಯದನ್ನೂ ತೋರಿಸು. ಹಲಸಿನ ವಾಸನೆ ಇರುತ್ತದೆ, ಉದ್ದಿನ ಹಪ್ಪಳದ ಹಾಗೆ ಇರುವುದಿಲ್ಲ ಅಂತ ಬರೆ. ಓದಿ ಕೆಲವರು ಬೇಡ ಅನ್ನುತ್ತಾರೆ. ಅವರು ಕೊಂಡು ಬೈಯುವುದಕ್ಕಿಂತ ಅದು ವಾಸಿ.

ಕೆಲಸ ಬಿಡುವ ವಿಚಾರ ಮುಂದಿನ ಯುಗಾದಿಗೆ ಮಾತಾಡೋಣ. ಈಗಿನ್ನೂ ಬೇಡ.

ಮೊದಲ ಕಟ್ಟು ನನಗೇ ಕಳಿಸು. ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕೊಟ್ಟು ಕಳಿಸಬೇಡ, ಕೊರಿಯರ್‌ನಲ್ಲೇ ಹಾಕು, ಗಿರಾಕಿಗೆ ಹಾಕುವ ಹಾಗೆಯೇ. ಹಣ ಇವತ್ತೇ ಹಾಕಿದ್ದೇನೆ, ಮಾವನ ಹತ್ತಿರ ಹೇಗೆ ತಗೊಳ್ಳಲಿ ಅಂತ ವಾಪಸು ಹಾಕಬೇಡ. ಬಂದ ದಿನ ಎಷ್ಟು ಮುರಿದಿವೆ, ಎಷ್ಟು ಇಡಿಯಾಗಿವೆ ಎಣಿಸಿ ಬರೆಯುತ್ತೇನೆ. ನಾನು ಎಣಿಸುವ ಮೊದಲೇ ಅತ್ತೆ ಬಾಣಲೆ ಇಡದಿದ್ದರೆ.

ಇಂತಿ ನಿನ್ನ ಮಾವ