ತುಂಬೆಯೂ ಕಳೆಯೇ?

ಮಾನ್ಯ ಸಂಪಾದಕರೇ,

ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶಿಸಿದ ಮೇಲೆ, ನಮ್ಮ ಮನೆಯ ಮುಂದಿದ್ದ ಮೆಕ್ಸಿಕನ್ ಹುಲ್ಲಿನ ಹಾಸು ಕೆಲವೇ ವಾರಗಳಲ್ಲಿ ಒಣಗಿಹೋಯಿತು. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ತರುವ ಕಾವೇರಿ ನೀರನ್ನು, ಒಂದು ದನದ ಬಾಯಿಗೂ ಸಿಗದ ಹುಲ್ಲಿಗೆ ವರ್ಷಗಟ್ಟಲೆ ಸುರಿದೆನಲ್ಲ ಎಂಬ ನಾಚಿಕೆಯಿಂದ, ಅದನ್ನು ಮತ್ತೆ ಹಾಕಿಸದೆ ಬೇರುಸಹಿತ ಕೆತ್ತಿಸಿ, ಆ ಜಾಗವನ್ನು ಈ ನೆಲದ್ದೇ ಆದ ಹುಲ್ಲು, ಹೂಗಿಡಗಳಿಗೆ ಬಿಟ್ಟೆ.

ಬಿಟ್ಟೆ ಎಂದರೆ ಕೈಕಟ್ಟಿ ಕುಳಿತೆ ಎಂದಲ್ಲ. ಮುಂಗಾರಿನ ಹೊತ್ತಿಗೆ, ಖಾಲಿ ನಿವೇಶನಗಳಿಂದ ಆಯ್ದು ತಂದ ತುಂಬೆ, ಉತ್ತರಾಣಿ, ಗಿಲಿಗಿಚ್ಚಿಯ ಬೀಜಗಳನ್ನು ಎರಚಿ, ಅಂಚಿಗೆ ತಂಗಡಿ ಹಾಕಿ, ನಡುವೆ ಗರಿಕೆ ಹಬ್ಬಲು ಬಿಟ್ಟೆವು. ವಿಷ್ಣುಕ್ರಾಂತಿ ಕರೆಯದೆಯೇ ಬಂತು. ಆದರೆ ಕೆದಕಿದ ನೆಲವನ್ನು ಎಲ್ಲಕ್ಕಿಂತ ಮೊದಲು ಹಿಡಿಯುವುದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅದನ್ನು ಹೂ ಬಿಡುವ ಮೊದಲೇ ಕೈಗವಸು ತೊಟ್ಟು ಬೇರುಸಹಿತ ಕೀಳುವುದರಲ್ಲೇ ಮೊದಲ ಮಳೆಗಾಲ ಕಳೆಯಿತು. ಎರಡನೆಯ ವರ್ಷ ಆ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಈಗ ಶಿವರಾತ್ರಿ ಕಳೆದ ಮೇಲೆ, ಬೀಜವೆಲ್ಲ ಉದುರಿದಾಗ, ಒಮ್ಮೆ ಕುಡುಗೋಲಿನಿಂದ ಕೊಯ್ದರೆ ಸಾಕು. ಬೇಸಿಗೆಯಲ್ಲಿ ಹುಲ್ಲು ಕಂದಾಗುತ್ತದೆ, ಮಳೆಗೆ ತಾನೇ ಚಿಗುರುತ್ತದೆ. ತಂಗಡಿಯ ಎಲೆಗಳ ಮೇಲೆ ಚಿಟ್ಟೆಗಳು ಮೊಟ್ಟೆಯಿಡುತ್ತವೆ, ಹುಲ್ಲಿನ ತೆನೆಗೆ ರಾಟವಾಳ ಹಕ್ಕಿಗಳು ಬರುತ್ತವೆ.

ಇಷ್ಟಾಗುವಾಗ, ವಾರದೊಳಗೆ ಕಳೆ ತೆಗೆಸದಿದ್ದರೆ ತಾವೇ ತೆಗೆಸಿ ಖರ್ಚು ವಸೂಲು ಮಾಡುವುದಾಗಿ ನಮ್ಮ ಬಡಾವಣೆಯ ಸಂಘದಿಂದ ಪತ್ರ ಬಂದಿದೆ. ಸೊಳ್ಳೆ, ಹಾವು ಎಂಬುದು ಅವರ ಆಕ್ಷೇಪ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳು ಬೆಳೆಯುವುದು ನಿಂತ ನೀರಿನಲ್ಲೇ ಹೊರತು ಹುಲ್ಲಿನಲ್ಲಲ್ಲ. ಹೂಕುಂಡದ ಕೆಳಗಿನ ತಟ್ಟೆಗಳನ್ನು ಬರಿದು ಮಾಡಿಸುವುದು ಅವರ ಮೊದಲ ಕೆಲಸವಾಗಬೇಕಿತ್ತು. ಹಾವಿನ ಭಯವನ್ನು ಮಾತ್ರ ನಾನು ಅಲ್ಲಗಳೆಯಲಾರೆ. ಅದಕ್ಕಾಗಿಯೇ ಕಾಲುದಾರಿಯ ಎರಡೂ ಬದಿಗೆ ಮತ್ತು ನೆರೆಯವರ ಗೋಡೆಯ ಪಕ್ಕಕ್ಕೆ ಮೂರಡಿ ಅಗಲದಷ್ಟು ಹುಲ್ಲನ್ನು ಗಿಡ್ಡವಾಗಿಯೇ ಇಟ್ಟಿದ್ದೇವೆ. ಸೋಜಿಗವೆಂದರೆ, ಗಣೇಶನ ಹಬ್ಬಕ್ಕೆ ಗರಿಕೆಯನ್ನೂ ಶಿವರಾತ್ರಿಗೆ ತುಂಬೆ ಹೂವನ್ನೂ ಕೊಂಡು ತರುವವರೇ ಆ ಪತ್ರಕ್ಕೆ ಸಹಿ ಹಾಕಿದ್ದಾರೆ.

ನಿವಾಸಿ ಸಂಘಗಳಾಗಲಿ ಪಾಲಿಕೆಯಾಗಲಿ ಹುಲ್ಲಿನ ಎತ್ತರ ಅಳೆಯುವ ಬದಲು ಅಲ್ಲಿರುವ ಗಿಡ ಯಾವುದೆಂದು ನೋಡಲಿ ಎಂಬುದಷ್ಟೇ ನನ್ನ ಕೋರಿಕೆ. ಪಾರ್ಥೇನಿಯಂ, ಲಂಟಾನ ಬೆಳೆಸಿಕೊಂಡವರಿಗೆ ನೋಟಿಸು ಕೊಡಲಿ. ನಾನೂ ಅದಕ್ಕೆ ಬದ್ಧ. ತೋಟಗಾರಿಕೆ ಇಲಾಖೆಯೂ ಲಾಲ್‌ಬಾಗ್‌ನಲ್ಲಿ ವರ್ಷಕ್ಕೆರಡು ಬಾರಿ ನಡೆಸುವ ಫಲಪುಷ್ಪ ಪ್ರದರ್ಶನದ ಒಂದು ಮೂಲೆಯಲ್ಲಾದರೂ ಇಂಥ ಗಿಡಗಳನ್ನು ಹೆಸರು ಬರೆದು ತೋರಿಸಿ, ಅವುಗಳ ಬೀಜ ಮಾರುವ ವ್ಯವಸ್ಥೆ ಮಾಡಲಿ. ತಂಗಡಿ ಸಸಿ ಬೇಕೆಂದು ನಾನು ಹೋದ ನಾಲ್ಕು ನರ್ಸರಿಗಳಲ್ಲಿ ಮೂರರವರು ಮೆಕ್ಸಿಕನ್ ಹುಲ್ಲಿನ ದರ ಹೇಳಿ ಕಳಿಸಿದರು.

– ಓದುಗ, ಬೆಂಗಳೂರು