ಎಐ ಬಿಡಿಸಿದ ಲೇಬಲ್ ಮತ್ತು ಮಲೆನಾಡಿನ ಗೃಹೋದ್ಯಮ

ಮಾನ್ಯ ಸಂಪಾದಕರೇ,

ಗೃಹೋದ್ಯಮ ನಡೆಸುವವರು ಕೃತಕ ಬುದ್ಧಿಮತ್ತೆಯ (ಎಐ) ನೆರವಿನಿಂದ ಬ್ರ್ಯಾಂಡ್ ಹೆಸರು, ಲೋಗೊ, ಲೇಬಲ್‌ಗಳನ್ನು ತಾವೇ ತಯಾರಿಸಿಕೊಳ್ಳಬಹುದೆಂಬ ಸಲಹೆ ಈಚೆಗೆ ತರಬೇತಿ ಶಿಬಿರಗಳಲ್ಲಿ ಧಾರಾಳವಾಗಿ ಸಿಗುತ್ತಿದೆ. ಖರ್ಚು ಉಳಿಯುತ್ತದೆ, ನಿಜ. ಆದರೆ ಹಾಗೆ ಹುಟ್ಟಿದ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕೀತೇ, ಅದು ಬೇರೊಬ್ಬರ ಟ್ರೇಡ್‌ಮಾರ್ಕ್ ಉಲ್ಲಂಘಿಸುತ್ತಿಲ್ಲವೇ ಎಂಬುದನ್ನು ಅಲ್ಲಿ ಯಾರೂ ಹೇಳಿಕೊಡುತ್ತಿಲ್ಲವಾದ್ದರಿಂದ ಈ ಪತ್ರ.

ಸಾಗರ, ಹೊಸನಗರ ಕಡೆಯ ಸಣ್ಣ ಘಟಕಗಳ ಜಿಎಸ್‌ಟಿ ಮತ್ತು ಆಹಾರ ಪರವಾನಗಿಯ ಕಾಗದಪತ್ರ ನೋಡಿಕೊಳ್ಳುವುದು ನನ್ನ ವೃತ್ತಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಮುರುಗಲ ಶರಬತ್ತು ಇವುಗಳ ಲೇಬಲ್‌ಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಮೊದಲು ಪ್ರೆಸ್ಸಿನವರು ಮಾಡಿಕೊಡುತ್ತಿದ್ದವು ಅಷ್ಟೇನೂ ಚೆಂದವಿರಲಿಲ್ಲ, ಆದರೆ ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ಎಐನಿಂದ ಮಾಡಿಸಿದ ಈಗಿನವುಗಳಲ್ಲಿ ಹಿನ್ನೆಲೆಗೆ ಮಂಜು ಕವಿದ ಗುಡ್ಡ, ಪಕ್ಕದಲ್ಲಿ ಎರಡು ಅಡಿಕೆ ಮರ, ಮುಂದೆ ತೊಟ್ಟು ಸಮೇತ ಮಾವಿನ ಮಿಡಿ, ಸುತ್ತ ಚಿನ್ನದ ಬಣ್ಣದ ವೃತ್ತ. ಪರಸ್ಪರ ಪರಿಚಯವೇ ಇಲ್ಲದ, ಬೇರೆ ಬೇರೆ ಊರಿನ ಇಬ್ಬರ ಪೌಚ್‌ಗಳ ಮೇಲೂ ಇದೇ ಚಿತ್ರ. ಎಐ ಬಳಿ ಹೆಸರು ಕೇಳಿದರೂ ಅಷ್ಟೇ. ಮಲೆನಾಡು, ಸಹ್ಯಾದ್ರಿ, ಶರಾವತಿ ಇವುಗಳಲ್ಲೊಂದಕ್ಕೆ ಸಿರಿ, ಸವಿ, ಸೊಗಡು ಇವುಗಳಲ್ಲೊಂದನ್ನು ಜೋಡಿಸಿ ಕೊಡುತ್ತದೆ. ಅಪಾರ ಸಂಖ್ಯೆಯ ಚಿತ್ರ, ಬರಹಗಳಿಂದ ಕಲಿತು, ಅವುಗಳಲ್ಲಿ ಹೆಚ್ಚು ರೂಢಿಯಲ್ಲಿರುವುದನ್ನೇ ಮುಂದಿಡುವ ವ್ಯವಸ್ಥೆಯಿಂದ ಬೇರೇನು ಬಂದೀತು?

1999ರ ಟ್ರೇಡ್‌ಮಾರ್ಕ್ ಕಾಯ್ದೆ ಬಯಸುವುದು ಇದಕ್ಕೆ ತದ್ವಿರುದ್ಧವಾದುದನ್ನು. ಸರಕಿನ ಗುಣವನ್ನೋ ಹುಟ್ಟಿದ ಪ್ರದೇಶವನ್ನೋ ಸೂಚಿಸುವ ಪದಗಳಷ್ಟೇ ಇರುವ ಗುರುತು, ಬಳಕೆಯ ಬಲದಿಂದ ತನ್ನದೇ ವೈಶಿಷ್ಟ್ಯ ಗಳಿಸಿರದಿದ್ದರೆ, 9ನೇ ಸೆಕ್ಷನ್ ಪ್ರಕಾರ ನೋಂದಣಿಗೆ ಅರ್ಹವಲ್ಲ. ಇನ್ನು ಉಲ್ಲಂಘನೆಯನ್ನು ವಿವರಿಸುವ 29ನೇ ಸೆಕ್ಷನ್‌ಗೆ ಲೇಬಲ್ ಬಿಡಿಸಿದವರು ಯಾರೆಂಬುದು ಬೇಕಿಲ್ಲ, ಉದ್ದೇಶವೂ ಬೇಕಿಲ್ಲ. ನೋಂದಾಯಿತ ಗುರುತನ್ನು ಹೋಲುವ ಗುರುತಿನಿಂದ ಗ್ರಾಹಕ ಗೊಂದಲಕ್ಕೊಳಗಾಗುವ ಸಂಭವವಿದ್ದರೆ ಸಾಕು. ‘ಎಐ ಕೊಟ್ಟದ್ದು, ನನಗೆ ತಿಳಿದಿರಲಿಲ್ಲ’ ಎಂಬ ಸಮಜಾಯಿಷಿಯನ್ನು ನ್ಯಾಯಾಲಯ ಒಪ್ಪಿದರೆ, ತಿಳಿದ ಕೂಡಲೇ ಬಳಕೆ ನಿಲ್ಲಿಸಿದವರಿಗೆ 135ನೇ ಸೆಕ್ಷನ್ ಅಡಿ ಪರಿಹಾರದ ಹೊರೆ ನಾಮಮಾತ್ರಕ್ಕೆ ಇಳಿಯಬಹುದು. ತಡೆಯಾಜ್ಞೆ ಮಾತ್ರ ತಪ್ಪದು. ಮುದ್ರಣದ ಸಿಲಿಂಡರ್ ಮಾಡಿಸಿ, ಪೌಚ್‌ಗಳನ್ನು ಸಾವಿರಗಟ್ಟಲೆ ಮುದ್ರಿಸಿ ಅಟ್ಟಕ್ಕೇರಿಸಿದ ಮೇಲೆ ಅದು ಬಂದರೆ ಒಂದು ವರ್ಷದ ಲಾಭವೇ ಕಸವಾಗುತ್ತದೆ.

ಎಐ ಮಾದರಿಗಳು (ಚಿತ್ರ, ಬರಹ ಸೃಷ್ಟಿಸುವ ತಂತ್ರಾಂಶಗಳು) ಇನ್ನೊಬ್ಬರ ಗುರುತನ್ನು ಹೊತ್ತು ತರುವುದು ಬರೀ ಊಹೆಯಲ್ಲ. ಫೋಟೊಗಳನ್ನು ಒದಗಿಸುವ ಗೆಟ್ಟಿ ಇಮೇಜಸ್ ಸಂಸ್ಥೆಯು, ಚಿತ್ರ ಬಿಡಿಸುವ ಎಐ ತಯಾರಿಸಿದ ಸ್ಟೆಬಿಲಿಟಿ ಎಐ ಕಂಪನಿಯ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಲಂಡನ್ನಿನ ಹೈಕೋರ್ಟ್, ಮಾದರಿಯ ಹಳೆಯ ಆವೃತ್ತಿಗಳು ಸೃಷ್ಟಿಸಿದ ಕೆಲವು ಚಿತ್ರಗಳಲ್ಲಿ ಗೆಟ್ಟಿಯ ವಾಟರ್‌ಮಾರ್ಕ್ ಮೂಡಿದ್ದನ್ನು ಸೀಮಿತ ಪ್ರಮಾಣದ ಟ್ರೇಡ್‌ಮಾರ್ಕ್ ಉಲ್ಲಂಘನೆ ಎಂದು 2025ರ ನವೆಂಬರ್‌ನಲ್ಲಿ ತೀರ್ಪಿತ್ತಿದೆ. ಅಲ್ಲಿ ಉತ್ತರ ಕೊಡಬೇಕಾದದ್ದು ಮಾದರಿ ತಯಾರಿಸಿದ ಕಂಪನಿ. ಉಪ್ಪಿನಕಾಯಿಯ ಪೌಚ್ ಮೇಲೆ ಗುರುತು ಹಚ್ಚಿ ಮಾರಿದಾಗ ನೋಟಿಸ್ ಬರುವುದು ಮಾರಿದವರ ಮನೆಗೆ.

ಹಾಗೆಂದು ಎಐ ಪೂರ್ತಿ ಕೇಡೇ ಎಂದು ನನ್ನ ವಾದವಲ್ಲ. ಟ್ರೇಡ್‌ಮಾರ್ಕ್ ಹುಡುಕಾಟಕ್ಕೆ ಎಐ ಆಧಾರಿತ ಸೌಲಭ್ಯವನ್ನು ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದೆ. ಆದರೆ ಹೋಲಿಕೆ ತೋರಿಸುವುದು ಬೇರೆ, ಗೊಂದಲವಾಗುತ್ತದೆಯೇ ಎಂದು ತೀರ್ಮಾನಿಸುವುದು ಬೇರೆ. ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಔಷಧಗಳ ಹೆಸರುಗಳ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದಂತೆ, ಅಳತೆಗೋಲು ಸಾಧಾರಣ ಬುದ್ಧಿಯ, ಅರೆಬರೆ ನೆನಪಿನ ಗ್ರಾಹಕ. ನಮ್ಮ ಹಾಲು ಮಹಾಮಂಡಲದ ‘ನಂದಿನಿ’ಗೂ ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿಗೂ ನಡೆದ ಮೊಕದ್ದಮೆಯಲ್ಲಿ, ಉಚ್ಚಾರ ಒಂದೇ ಆಗಿದ್ದರೂ ಸರಕು ಬೇರೆ, ಚಿತ್ರ ಬೇರೆ ಎಂದು 2018ರಲ್ಲಿ ಅದೇ ನ್ಯಾಯಾಲಯ ಹೋಟೆಲಿನ ಪರ ನಿಂತಿತು. ಯಂತ್ರ ಇಂಥಲ್ಲಿ ಕೆಂಪು ದೀಪ ತೋರಿಸೀತು, ನಿಜಕ್ಕೂ ಗೊಂದಲವಾಗುವ ಕಡೆ ಹಸಿರು ತೋರಿಸೀತು. ಲೂಬುಟಾನ್ ಎಂಬ ದುಬಾರಿ ಪಾದರಕ್ಷೆ ಬ್ರ್ಯಾಂಡಿನ ಪ್ರಕರಣದಲ್ಲಿ ಚಾಟ್‌ಜಿಪಿಟಿಯ ಉತ್ತರವನ್ನು ಸಮರ್ಥನೆಯಾಗಿ ಮುಂದಿಟ್ಟಾಗ ದೆಹಲಿ ಹೈಕೋರ್ಟ್ 2023ರಲ್ಲಿ ಅದನ್ನು ತೀರ್ಪಿಗೆ ಆಧಾರವಾಗಿಸಲು ಒಪ್ಪಲಿಲ್ಲ.

ನಾನು ಕಂಡಂತೆ ಅತಿ ದೊಡ್ಡ ತೊಡಕು ಇನ್ನೊಂದಿದೆ. ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ಸಂಖ್ಯೆಯೋ ಸಣ್ಣ ಉದ್ಯಮಗಳ ನೋಂದಣಿಯಾದ ಉದ್ಯಮ್ ಪ್ರಮಾಣಪತ್ರವೋ ಕೈಗೆ ಬಂದೊಡನೆ ಹೆಸರೂ ತಮ್ಮದಾಯಿತೆಂದು ಬಹಳ ಮಂದಿ ನಂಬಿದ್ದಾರೆ. ಅವೆರಡಕ್ಕೂ ಹೆಸರಿನ ಹಕ್ಕಿಗೂ ಸಂಬಂಧವಿಲ್ಲ. ಟ್ರೇಡ್‌ಮಾರ್ಕ್‌ಗೆ ಬೇರೆಯೇ ಅರ್ಜಿ, ನಮ್ಮ ರಾಜ್ಯದವರಿಗೆ ಚೆನ್ನೈ ಕಚೇರಿ. ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳು ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ಸರಕಿನ ವರ್ಗವೊಂದಕ್ಕೆ 4,500 ರೂಪಾಯಿ. ಉಪ್ಪಿನಕಾಯಿ 29ನೇ ವರ್ಗ, ಜೇನುತುಪ್ಪ 30, ಶರಬತ್ತು 32 ಆದ್ದರಿಂದ ಮೂರನ್ನೂ ಮಾರುವ ಮನೆಗೆ 13,500 ರೂಪಾಯಿ. ನೋಂದಣಿ ಹತ್ತು ವರ್ಷ ಊರ್ಜಿತ. ನೋಂದಣಿಯಾಗಿದ್ದರೆ 134ನೇ ಸೆಕ್ಷನ್ ಅಡಿ ಶಿವಮೊಗ್ಗದ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು, ನಕಲು ಮಾಡಿದವನ ಊರಿಗೆ ಅಲೆಯಬೇಕಿಲ್ಲ.

ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಸ್ತ್ರೀಶಕ್ತಿ ಸಂಘಗಳಿಗೆ ತರಬೇತಿ ಕೊಡುವ ಇಲಾಖೆಗಳು, ಎಐನಿಂದ ಲೋಗೊ ಮಾಡುವುದನ್ನು ಕಲಿಸುವ ದಿನವೇ, ಮುದ್ರಣಕ್ಕೆ ಕೊಡುವ ಮೊದಲು ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಆ ಹೆಸರನ್ನು ಇಂಗ್ಲಿಷಿನ ನಾಲ್ಕಾರು ಕಾಗುಣಿತಗಳಲ್ಲಿ ಹುಡುಕುವುದನ್ನೂ ಕಲಿಸಬೇಕು. ಶುಲ್ಕದಲ್ಲಿ ಅರ್ಧವನ್ನಾದರೂ ಜಿಲ್ಲಾ ಪಂಚಾಯಿತಿ ಭರಿಸಲಿ. ಸದ್ಯಕ್ಕೆ ಅರ್ಜಿ ಹಾಕಲಾಗದವರು ಮೊದಲ ಮಾರಾಟದ ಬಿಲ್ಲು, ಮೊದಲ ಮುದ್ರಣದ ರಸೀದಿ, ಮೊದಲ ಲೇಬಲ್ಲಿನ ಒಂದು ಪ್ರತಿಯನ್ನು ಜೋಪಾನವಾಗಿಡಲಿ. ಮುಂದೆ ಯಾರಾದರೂ ಅದೇ ಹೆಸರನ್ನು ನೋಂದಾಯಿಸಿ ತಗಾದೆ ತೆಗೆದರೆ, ತಾವೇ ಮೊದಲಿನಿಂದ ಬಳಸುತ್ತ ಬಂದವರೆಂದು 34ನೇ ಸೆಕ್ಷನ್ ಅಡಿ ತೋರಿಸಲು ಆ ಕಾಗದಗಳೇ ಬೇಕಾಗುತ್ತವೆ.

ಇಂತಿ,
ತೆರಿಗೆ ಸಲಹೆಗಾರ, ಸಾಗರ
ಶಿವಮೊಗ್ಗ ಜಿಲ್ಲೆ